ರೋಗಿಯ ಮಂಚದ ಬಳಿಗೆ ಬಂದ ಚರ್ಚು

ಲೇಡಿ ಗಾಗಾ ಹಾಡಿದ 'ಬಾರ್ನ್ ದಿಸ್ ವೇ' 2011ರಲ್ಲಿ ಜಗತ್ತಿನೆಲ್ಲೆಡೆ ಮೊಳಗಿತು. ಆ ಹಾಡಿಗೆ ಪ್ರೇರಣೆಯಾದವರು ಕಾರ್ಲ್ ಬೀನ್ ಎಂಬ ಕಪ್ಪು ಜನಾಂಗದ ಗಾಯಕ ಎಂದು ಆಕೆ ಬಹಿರಂಗವಾಗಿ ನೆನೆದದ್ದು ಹತ್ತು ವರ್ಷಗಳ ನಂತರ, 2021ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 7ರಂದು, 77ನೇ ವಯಸ್ಸಿನಲ್ಲಿ ಬೀನ್ ತೀರಿಕೊಂಡರು. ಹಾಡಿನ ನೆಪದಲ್ಲಾದರೂ ಅವರ ಹೆಸರು ಹೊಸ ತಲೆಮಾರಿನ ಕಿವಿಗೆ ಬಿತ್ತಲ್ಲ ಎಂಬ ಸಂತೋಷ ನನಗಿದೆ. ಆದರೆ ಬೀನ್ ದೊಡ್ಡವರಾದದ್ದು ಹಾಡನ್ನು ಬದಿಗಿಟ್ಟ ಮೇಲೆ, ಯಾರೂ ಹತ್ತಿರ ಸುಳಿಯದ ಏಡ್ಸ್ ರೋಗಿಗಳ ಮಂಚದ ಪಕ್ಕ ಹೋಗಿ ಕೂತಾಗ.

ಅವರು ಹುಟ್ಟಿದ್ದು 1944ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಸಾಕಿ ಬೆಳೆಸಿದವರು ನೆರೆಮನೆಯವರು. ದನಿ ಪಳಗಿದ್ದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ. ಹುಡುಗ ಸಲಿಂಗಿ ಎಂದು ಗೊತ್ತಾದಾಗ ಸಾಕಿದವರೇ ಮುಖ ತಿರುಗಿಸಿದರು. ಅವನು ಜೀವ ಕಳೆದುಕೊಳ್ಳಲು ಹೊರಟು, ಬದುಕಿ ಉಳಿದ. ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡ ಮನೋವೈದ್ಯೆ, ನಿನ್ನನ್ನು ಬದಲಾಯಿಸುವುದು ನನ್ನಿಂದಾಗದು, ನಿನ್ನನ್ನು ನೀನೇ ಒಪ್ಪಿಕೊಳ್ಳುವುದಕ್ಕೆ ನೆರವಾಗಬಲ್ಲೆ ಎಂದರಂತೆ. ಸಲಿಂಗಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘವೇ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿದ್ದ 1950ರ ದಶಕದಲ್ಲಿ ಇಂಥ ಮಾತು ಆಡುವ ವೈದ್ಯರು ಎಷ್ಟು ಜನ ಇದ್ದಿರಬಹುದು? ಮುಂದೆ ಬೀನ್ ತಮ್ಮ ಸಭೆಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅವರು ಅದನ್ನು ದೇವರ ಹೆಸರಿನಲ್ಲಿ ಹೇಳಿದರು.

ಹದಿಹರೆಯದಲ್ಲೇ ನ್ಯೂಯಾರ್ಕ್‌ಗೆ ಹೋಗಿ, ಅಲೆಕ್ಸ್ ಬ್ರಾಡ್‌ಫರ್ಡ್ ಅವರ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ತಂಡದಲ್ಲಿ ಹಾಡಿ, ಆಮೇಲೆ ಲಾಸ್ ಏಂಜಲೀಸ್ ಸೇರಿದರು. 1977ರಲ್ಲಿ ಮೋಟೌನ್ ಕಂಪನಿ ಅವರಿಂದ 'ಐ ವಾಸ್ ಬಾರ್ನ್ ದಿಸ್ ವೇ' ಹಾಡಿಸಿತು. ಅದರ ಸಾಹಿತ್ಯ ಬರೆದವರು ಬನ್ನಿ ಜೋನ್ಸ್. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಈ ಕಪ್ಪು ಮಹಿಳೆ ತನ್ನಲ್ಲಿ ಕೆಲಸಕ್ಕಿದ್ದ ಸಲಿಂಗಿ ಹುಡುಗರು ಪಡುವ ಪಾಡು ನೋಡಿ ಬರೆದ ಹಾಡು ಅದು. ಮೊದಲು 1975ರಲ್ಲಿ ವ್ಯಾಲೆಂಟಿನೊ ಎಂಬ ಗಾಯಕ ಹಾಡಿದ್ದರು. ಬೀನ್ ಅದಕ್ಕೆ ಚರ್ಚಿನ ಕಸುವು ತುಂಬಿದರು. ಡಿಸ್ಕೊಗಳಲ್ಲಿ ಅದು ಹಿಟ್ ಆಯಿತು. ಗಾಯಕನಾಗಿ ಮುಂದುವರಿಯುವ ದಾರಿ ತೆರೆದೇ ಇತ್ತು. ಅವರು ಅದನ್ನು ಬಿಟ್ಟು 1982ರಲ್ಲಿ ಪಾದ್ರಿ ದೀಕ್ಷೆ ಪಡೆದು, ಯೂನಿಟಿ ಫೆಲೋಶಿಪ್ ಚರ್ಚು ಆರಂಭಿಸಿದರು. ದೇವರೆಂದರೆ ಪ್ರೀತಿ, ಆ ಪ್ರೀತಿ ಎಲ್ಲರದೂ ಎನ್ನುವುದು ಅದರ ಧ್ಯೇಯವಾಕ್ಯ.

ಅದಕ್ಕೆ ಒಂದು ವರ್ಷ ಮುಂಚೆ, 1981ರ ಜೂನ್ 5ರಂದು, ಲಾಸ್ ಏಂಜಲೀಸ್‌ನ ಐವರು ಸಲಿಂಗಿ ಯುವಕರಿಗೆ ಬಂದ ವಿಚಿತ್ರ ನ್ಯುಮೋನಿಯಾದ ವರದಿಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪ್ರಕಟಿಸಿತ್ತು. ಆ ಕಾಯಿಲೆಗೆ ಮುಂದೆ ಏಡ್ಸ್ ಎಂಬ ಹೆಸರು ಬಂತು. ಅದು ಬಿಳಿಯ ಸಲಿಂಗಿಗಳ ಕಾಯಿಲೆ ಎಂದೇ ಜನ ಬಹುಕಾಲ ನಂಬಿದರು. ನೆರವಿನ ಸಂಸ್ಥೆಗಳೂ ಹೆಚ್ಚಾಗಿ ಅವರ ಬಡಾವಣೆಗಳಲ್ಲೇ ಹುಟ್ಟಿಕೊಂಡವು. ಕಪ್ಪು ಜನರ ಓಣಿಗಳಲ್ಲಿ ರೋಗ ಸದ್ದಿಲ್ಲದೆ ಹರಡಿತು. 1986ರ ಅಕ್ಟೋಬರ್‌ನಲ್ಲಿ ಅದೇ ಕೇಂದ್ರ ಲೆಕ್ಕ ಕೊಟ್ಟಾಗ, ಏಡ್ಸ್ ತಗುಲಿದ ಸುಮಾರು 24,500 ಜನರಲ್ಲಿ ಶೇ 25ರಷ್ಟು ಮಂದಿ ಕಪ್ಪು ಜನ. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಆಗ ಶೇ 12.

ಈ ಜನರಿಗೆ ಚರ್ಚೆಂದರೆ ಏನೆಂದು ತಿಳಿಯದೆ ಬೀನ್ ಮಾಡಿದ ಕೆಲಸದ ತೂಕ ಗೊತ್ತಾಗುವುದಿಲ್ಲ. ಗುಲಾಮಗಿರಿಯ ಕಾಲದಿಂದಲೂ ಅವರು ತಾವೇ ಕಟ್ಟಿ, ತಾವೇ ನಡೆಸಿದ ಸಂಸ್ಥೆ ಅದು. ಅವರು ಓದು ಕಲಿತದ್ದು, ಚಂದಾ ಎತ್ತಿದ್ದು, ನಾಗರಿಕ ಹಕ್ಕುಗಳ ಚಳವಳಿಗೆ ಹೊರಟದ್ದು ಅಲ್ಲಿಂದಲೇ. ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದರು. ಅವರ ಜೊತೆ ನಿಂತು 1963ರ ವಾಷಿಂಗ್ಟನ್ ಜಾಥಾ ಸಂಘಟಿಸಿದ ಬೇಯಾರ್ಡ್ ರಸ್ಟಿನ್ ಸಲಿಂಗಿಯಾಗಿದ್ದರು. ಎಷ್ಟೋ ಚರ್ಚುಗಳ ಗಾಯನಮೇಳಗಳಲ್ಲಿ ಸಲಿಂಗಿಗಳಿದ್ದರು, ಅದು ಸಭೆಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳದಿರುವ ತನಕ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಏಡ್ಸ್ ಬಂದು ಆ ಮುಸುಕನ್ನು ಎಳೆದುಹಾಕಿತು. ವೇದಿಕೆಯಿಂದ ಪಾಪದ ಫಲ ಎಂಬ ಮಾತು ಕೇಳಿಬಂತು. ಸತ್ತವನಿಗೆ ಕ್ಯಾನ್ಸರ್ ಆಗಿತ್ತೆಂದು ಮನೆಯವರು ಹೇಳಿ ಮಣ್ಣು ಮಾಡಿದರು. ಮನೆಯೂ ಚರ್ಚೂ ಕೈಬಿಟ್ಟ ಮೇಲೆ ಆ ಓಣಿಯ ಹುಡುಗನಿಗೆ ಹೋಗಲು ಮತ್ತೊಂದು ಜಾಗ ಇರಲಿಲ್ಲ.

ಬೀನ್ 1985ರಲ್ಲಿ ಮೈನಾರಿಟಿ ಏಡ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಹುಟ್ಟುಹಾಕಿದರು. ಬಿಳಿಯರಲ್ಲದವರೇ ಕಟ್ಟಿ, ಅವರೇ ನಡೆಸಿದ ಅಮೆರಿಕದ ಮೊದಲ ಏಡ್ಸ್ ಸಂಸ್ಥೆ ಎಂದು ಅದನ್ನು ಗುರುತಿಸುತ್ತಾರೆ. ರೋಗಿಯ ಊಟದ ತಟ್ಟೆಯನ್ನು ಕೋಣೆಯ ಹೊಸ್ತಿಲಲ್ಲೇ ಇಟ್ಟು ಹೋಗುವ ಆಸ್ಪತ್ರೆಗಳಿದ್ದ ಕಾಲ ಅದು. ಮೊದಲ ಔಷಧಿ ಎಜೆಡ್‌ಟಿಗೆ ಅನುಮತಿ ಸಿಕ್ಕಿದ್ದು 1987ರಲ್ಲಿ. ಹೀಗಾಗಿ ಈ ಸಂಸ್ಥೆ ಕೊಡಬಹುದಾಗಿದ್ದು ಊಟ, ಬಾಡಿಗೆಗೆ ನೆರವು, ಆಸ್ಪತ್ರೆಗೆ ಹೋಗಿಬರುವಾಗ ಜೊತೆ, ಕೈ ಹಿಡಿದು ಒಂದು ಪ್ರಾರ್ಥನೆ. ಏಡ್ಸ್ ರೋಗಿಗಳು ಕೊನೆಯ ದಿನಗಳನ್ನು ಗೌರವದಿಂದ ಕಳೆಯಲೆಂದು 1992ರಲ್ಲಿ ಏಡ್ಸ್ ಹೆಲ್ತ್‌ಕೇರ್ ಫೌಂಡೇಶನ್ ಲಾಸ್ ಏಂಜಲೀಸ್‌ನಲ್ಲೇ ತೆರೆದ ಆರೈಕೆಮನೆಗೆ ಕಾರ್ಲ್ ಬೀನ್ ಹೌಸ್ ಎಂದೇ ಹೆಸರಿಟ್ಟಿತು.

ಬೈಬಲ್ಲಿನ ಯಾವ ವಾಕ್ಯ ಸಲಿಂಗಿಗಳ ಬಗ್ಗೆ ಏನು ಹೇಳುತ್ತದೆ ಎಂಬ ವಾದ ಇನ್ನೂ ನೂರು ವರ್ಷ ನಡೆದೀತು. ಬೀನ್ ಅದು ಮುಗಿಯಲಿ ಎಂದು ಕಾಯಲಿಲ್ಲ. ತನ್ನನ್ನು ದೇವರು ಕೈಬಿಟ್ಟಿದ್ದಾನೆಂದು ನಂಬಿದವನು ಪರೀಕ್ಷೆಗೆ ಹೋಗುವುದಿಲ್ಲ, ಮಾತ್ರೆ ನುಂಗುವುದಿಲ್ಲ, ತನ್ನ ಜೀವ ಉಳಿಸಿಕೊಳ್ಳಬೇಕೆಂಬ ಛಲವೇ ಅವನಿಗೆ ಇರುವುದಿಲ್ಲ. ಅಂಥವನಿಗೆ ನೀನೂ ದೇವರ ಮಗು ಎಂದು ಹೇಳುವುದು ಚಿಕಿತ್ಸೆಯ ಮೊದಲ ಭಾಗ. ಬೀನ್ ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಅಂಶ ಇದೇ. ಪ್ರವಚನ ಬೇರೆ, ಆರೋಗ್ಯ ಸೇವೆ ಬೇರೆ ಎಂದು ಅವರು ಎಂದೂ ಬಗೆಯಲಿಲ್ಲ.

1996ರಿಂದೀಚೆಗೆ ಪರಿಣಾಮಕಾರಿ ಔಷಧಿಗಳು ಬಂದು ಸಾವು ಹಿಂದೆ ಸರಿಯಿತು. ಆದರೂ 2016ರಲ್ಲಿ ರೋಗ ನಿಯಂತ್ರಣ ಕೇಂದ್ರ ಒಂದು ಅಂದಾಜು ಪ್ರಕಟಿಸಿತು: ಆಗಿನ ಗತಿಯೇ ಮುಂದುವರಿದರೆ, ಅಮೆರಿಕದ ಕಪ್ಪು ಸಲಿಂಗಿ ಮತ್ತು ದ್ವಿಲಿಂಗಾಸಕ್ತ ಗಂಡಸರಲ್ಲಿ ಇಬ್ಬರಲ್ಲೊಬ್ಬರಿಗೆ ಜೀವಮಾನದಲ್ಲಿ ಏಡ್ಸ್ ತರುವ ವೈರಾಣು ಎಚ್‌ಐವಿ ತಗಲುತ್ತದೆ. ಅಂಥ ಬಿಳಿಯ ಗಂಡಸರಲ್ಲಿ ಅದು ಹನ್ನೊಂದರಲ್ಲೊಬ್ಬರಿಗೆ. ಕಪ್ಪು ಹುಡುಗರು ಹೆಚ್ಚು ಬೇಜವಾಬ್ದಾರಿಯಿಂದ ನಡೆದುಕೊಳ್ಳುತ್ತಾರೆ ಎನ್ನುವ ಆರೋಪವನ್ನು ಗ್ರೆಗೋರಿಯೊ ಮಿಲೆಟ್ ಮತ್ತು ಸಂಗಡಿಗರು 2012ರಲ್ಲಿ 'ಲ್ಯಾನ್ಸೆಟ್'ನಲ್ಲಿ ಅಂಕಿಅಂಶ ಸಮೇತ ತಳ್ಳಿಹಾಕಿದ್ದರು. ಬಡತನ, ವಿಮೆ ಇಲ್ಲದಿರುವುದು, ಚಿಕಿತ್ಸೆ ಕೈಗೆಟುಕದಿರುವುದು ಅವರ ಲೆಕ್ಕದಲ್ಲಿ ಎದ್ದು ಕಂಡವು. ಸೋಂಕು ತಡೆಯುವ ಪ್ರೆಪ್ ಮಾತ್ರೆಗೆ ಅನುಮತಿ ಸಿಕ್ಕಿದ್ದೂ 2012ರಲ್ಲೇ. ಅದನ್ನು ಕೇಳಿ ಪಡೆಯಬೇಕಾದರೆ ಮೊದಲು ವೈದ್ಯರೆದುರು ಬಾಯಿಬಿಡಬೇಕಲ್ಲ!

ಈ ಮೌನ ಮುರಿಯಲು ಬೀನ್ ಒಬ್ಬರೇ ಹೊರಟದ್ದಲ್ಲ. ಪರ್ನೆಸ್ಸಾ ಸೀಲ್ ಎಂಬ ಮಹಿಳೆ 1989ರಲ್ಲಿ ಹಾರ್ಲೆಮ್‌ನ ಚರ್ಚು, ಮಸೀದಿಗಳನ್ನು ಏಡ್ಸ್ ಪ್ರಾರ್ಥನಾ ಸಪ್ತಾಹಕ್ಕೆ ಒಟ್ಟು ಸೇರಿಸಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಾಸ್ಪೆಲ್ ಗಾಯಕಿಯೂ ಸಲಿಂಗಿಯೂ ಆದ ಬಿಷಪ್ ಇವೆಟ್ ಫ್ಲಂಡರ್ 1991ರಲ್ಲಿ ಸಿಟಿ ಆಫ್ ರೆಫ್ಯೂಜ್ ಚರ್ಚು ಕಟ್ಟಿದರು. ವಾಷಿಂಗ್ಟನ್‌ನಲ್ಲಿ 1985ರಷ್ಟು ಹಿಂದೆಯೇ ಕಪ್ಪು ಸಲಿಂಗಿಗಳಿಗಾಗಿ 'ಅಸ್ ಹೆಲ್ಪಿಂಗ್ ಅಸ್' ಬಳಗ ಆರಂಭಿಸಿದವರಲ್ಲಿ ಒಬ್ಬರಾದ ರೇನಿ ಚೀಕ್ಸ್ 1993ರಲ್ಲಿ ಇನ್ನರ್ ಲೈಟ್ ಚರ್ಚು ಸ್ಥಾಪಿಸಿದರು. ತಾನು ಎಚ್‌ಐವಿಯೊಂದಿಗೆ ಬದುಕುತ್ತಿರುವುದನ್ನು ಅವರು ಮುಚ್ಚಿಟ್ಟವರಲ್ಲ. ಪಾದ್ರಿಯೇ ಹಾಗೆ ಹೇಳಿಕೊಳ್ಳುವ ಸಭೆಯಲ್ಲಿ ಕೂತ ಹುಡುಗ, ಸೋಮವಾರ ಪರೀಕ್ಷೆಗೆ ಹೋಗಲು ಇನ್ನಾರ ಅಪ್ಪಣೆಯನ್ನೂ ಕಾಯಬೇಕಿಲ್ಲ.