ಸ್ಮೃತಿ, ವಂಶವಾಹಿ ಮತ್ತು ಹಿಸ್ಟೋನ್ ಅಸಿಟೈಲೀಕರಣ

ಮಲೆಯ ಮಾದೇಶ್ವರ ಕಾವ್ಯವನ್ನು ಇರುಳಿಡೀ ಹಾಡುವ ದೇವರಗುಡ್ಡರನ್ನು ಕುರಿತು 'ಕಾವ್ಯ ಅವರ ರಕ್ತದಲ್ಲಿಯೇ ಇದೆ' ಎಂದು ಬಣ್ಣಿಸುವುದು ನಮ್ಮಲ್ಲಿ ರೂಢಿ. ರಕ್ತದ ಜಾಗಕ್ಕೆ ಈಗ 'ವಂಶವಾಹಿ' ಎಂಬ ಪದವೂ ಬಂದಿದೆ. ಸ್ಮೃತಿಗೂ ವಂಶವಾಹಿಗೂ ಸಂಬಂಧವಿರುವುದು ನಿಜ. ಆದರೆ ಅದು ಈ ಬಗೆಯದಲ್ಲ.

ಜೀವಕೋಶದ ಕೇಂದ್ರದಲ್ಲಿ ಡಿ.ಎನ್.ಎ. ಎಳೆಯು ಎಂಟು ಹಿಸ್ಟೋನ್ ಪ್ರೋಟೀನುಗಳ ಒಂದೊಂದು ಗುಂಡಿಗೆ ಸುಮಾರು 147 ಬೇಸ್ ಜೋಡಿಗಳಷ್ಟು ಉದ್ದ ಸುತ್ತಿಕೊಂಡಿರುತ್ತದೆ. ಹಿಸ್ಟೋನಿನ ಬಾಲದಲ್ಲಿರುವ ಲೈಸೀನ್ ಧನಾವೇಶವುಳ್ಳದ್ದು, ಡಿ.ಎನ್.ಎ. ಋಣಾವೇಶವುಳ್ಳದ್ದು, ಆದ್ದರಿಂದ ಹಿಡಿತ ಬಿಗಿ. ಲೈಸೀನಿಗೆ ಅಸಿಟೈಲ್ ಗುಂಪು ಸೇರಿದಾಗ ಅದರ ಧನಾವೇಶ ಅಳಿದು ಹಿಡಿತ ಸಡಿಲಗೊಳ್ಳುತ್ತದೆ. ಅಸಿಟೈಲ್ ಗುಂಪನ್ನು ಗುರುತಿಸಬಲ್ಲ ಕೆಲವು ಪ್ರೋಟೀನುಗಳೂ ಅಲ್ಲಿಗೆ ಬಂದು ಸೇರುತ್ತವೆ. ಆಗ ವಂಶವಾಹಿಯಿಂದ ಆರ್.ಎನ್.ಎ. ಪ್ರತಿಯನ್ನು ತೆಗೆಯುವ ಕ್ರಿಯೆ, ಅಂದರೆ ಪ್ರತಿಲೇಖನ, ಸುಗಮವಾಗುತ್ತದೆ. ಈ ಗುಂಪನ್ನು ಸೇರಿಸುವ ಕಿಣ್ವಗಳಿರುವಂತೆ ತೆಗೆದುಹಾಕುವ ಕಿಣ್ವಗಳೂ ಇವೆ. ವಿನ್ಸೆಂಟ್ ಆಲ್‌ಫ್ರೆ ಮತ್ತು ಸಂಗಡಿಗರು 1964ರಲ್ಲಿಯೇ ಇಂಥ ನಿಯಂತ್ರಣವನ್ನು ಊಹಿಸಿದ್ದರು. 1996ರಲ್ಲಿ ಕಿಣ್ವಗಳನ್ನು ಗುರುತಿಸಿದ ಮೇಲೆ ಆ ಊಹೆಗೆ ಬಲ ಬಂದಿತು.

ಅಲ್ಪಾವಧಿಯ ನೆನಪಿಗೆ ಹೊಸ ಪ್ರೋಟೀನುಗಳ ಅಗತ್ಯವಿಲ್ಲ, ದೀರ್ಘಾವಧಿಯದಕ್ಕೆ ಉಂಟು. ಕಲಿಕೆಯ ಸಂದೇಶ ನರಕೋಶದ ಕೇಂದ್ರವನ್ನು ತಲುಪಿದಾಗ ಕ್ರೆಬ್ ಎಂಬ ಪ್ರೋಟೀನು ಸಕ್ರಿಯಗೊಂಡು ಸಿ.ಬಿ.ಪಿ. ಎಂಬ ಇನ್ನೊಂದನ್ನು ಬರಮಾಡಿಕೊಳ್ಳುತ್ತದೆ. ಸಿ.ಬಿ.ಪಿ.ಯೇ ಅಸಿಟೈಲ್ ಸೇರಿಸುವ ಕಿಣ್ವ. ಇಲಿಗಳು ಒಂದು ಸ್ಥಳವನ್ನೂ ಅಲ್ಲಿ ತಗುಲಿದ ವಿದ್ಯುದಾಘಾತವನ್ನೂ ಜೋಡಿಸಿಕೊಂಡು ಕಲಿತಾಗ ಅವುಗಳ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಎಚ್3 ಹಿಸ್ಟೋನಿನ ಅಸಿಟೈಲೀಕರಣ ಹೆಚ್ಚಿದ್ದು 2004ರಲ್ಲಿ ವರದಿಯಾಯಿತು. ಅದೇ ವರ್ಷ ಎರಿಕ್ ಕ್ಯಾಂಡೆಲ್ ಅವರ ತಂಡ, ಸಿ.ಬಿ.ಪಿ.ಯ ಎರಡು ವಂಶವಾಹಿ ಪ್ರತಿಗಳಲ್ಲಿ ಒಂದು ಕೆಟ್ಟಿದ್ದ ಇಲಿಗಳಲ್ಲಿ ದೀರ್ಘಾವಧಿಯ ನೆನಪು ಕುಂದಿದ್ದುದನ್ನೂ, ಅಸಿಟೈಲ್ ತೆಗೆಯುವ ಕಿಣ್ವಗಳನ್ನು ತಡೆದಾಗ ಅದು ಸುಧಾರಿಸಿದುದನ್ನೂ ತೋರಿಸಿತು. ಮನುಷ್ಯರಲ್ಲಿ ಇದೇ ವಂಶವಾಹಿಯ ದೋಷವು ಬೌದ್ಧಿಕ ಬೆಳವಣಿಗೆಯನ್ನು ಕುಂಠಿತಗೊಳಿಸುವ ರೂಬಿನ್‌ಸ್ಟೈನ್-ಟೇಬಿ ರೋಗಲಕ್ಷಣಕ್ಕೆ ಕಾರಣವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಭಯದ ಪ್ರಯೋಗದಲ್ಲಿ ಹೆಚ್ಚಿದ ಅಸಿಟೈಲೀಕರಣ ಮರುದಿನದ ವೇಳೆಗೆ ಮೊದಲಿನ ಮಟ್ಟಕ್ಕೆ ಇಳಿದಿತ್ತು. ನೆನಪು ಮಾತ್ರ ಉಳಿಯಿತು. ಹಾಗಾದರೆ ಅಸಿಟೈಲ್ ಗುಂಪು ನೆನಪಿನ ಒಡಲಲ್ಲ. ಅದು ಪ್ರತಿಲೇಖನಕ್ಕೆ ಕೆಲಕಾಲ ಅವಕಾಶ ಕೊಡುತ್ತದೆ. ಅದರಿಂದ ಹುಟ್ಟಿದ ಪ್ರೋಟೀನುಗಳು ನರಕೋಶಗಳ ನಡುವಣ ಸಂಪರ್ಕಗಳನ್ನು ಬಲಪಡಿಸುತ್ತವೆ. ಕಲಿಯುವವನ ನರಕೋಶಗಳಲ್ಲಿ ನಡೆಯುವ ಈ ಕ್ರಿಯೆಯನ್ನು, ಕಾವ್ಯವು ತಂದೆಯಿಂದ ಮಗನಿಗೆ ವಂಶವಾಹಿಯಲ್ಲಿ ಇಳಿಯುತ್ತದೆ ಎನ್ನುವುದಕ್ಕೆ ಆಧಾರವಾಗಿ ಬಳಸುವುದು ತಪ್ಪು. ಪ್ರಯೋಗಗಳು ಅಳೆದಿರುವುದು ಇಲಿಯೊಂದರ ಸ್ಥಳಭಯವನ್ನೇ ಹೊರತು ಪದ, ಮಟ್ಟು, ಸಾಲುಗಳ ಅನುಕ್ರಮವನ್ನಲ್ಲ. ದೇವರಗುಡ್ಡನು ದೀಕ್ಷೆ ಪಡೆದು, ಹಿರಿಯರ ಹಿಮ್ಮೇಳದಲ್ಲಿ ವರ್ಷಗಟ್ಟಲೆ ನಿಂತು, ತಪ್ಪಿ, ತಿದ್ದಿಸಿಕೊಂಡು ಕಲಿತದ್ದನ್ನು ರಕ್ತದ ಲೆಕ್ಕಕ್ಕೆ ಬರೆದರೆ ಆ ಕಲಿಕೆಯ ವಿವರಗಳೇ ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳಿಂದ ಬಿಟ್ಟುಹೋಗುತ್ತವೆ.