ಪೊಲೀಸರ ಪರ ಮಾತನಾಡುವವರು ಯಾರು? ಸಂಘವಿಲ್ಲದ ಖಾಕಿಯ ರಾಜಕೀಯ ನಡೆಯುವುದು ಹೀಗೆ

ಮುಂಬೈ: 2024ರ ಜೂನ್ 6ರಂದು ಪವಾಯಿಯ ಜೈ ಭೀಮ್ ನಗರದಲ್ಲಿ ಗುಡಿಸಲುಗಳನ್ನು ತೆರವುಗೊಳಿಸಲು ಪಾಲಿಕೆ ಸಿಬ್ಬಂದಿ ಬಂದರು. ಅವರ ಭದ್ರತೆಗೆ ಬಂದಿದ್ದ ಪೊಲೀಸರ ಮೇಲೆ ಕಲ್ಲು ತೂರಾಟ ನಡೆದು ಹಲವರು ಗಾಯಗೊಂಡರು. ಪ್ರಕರಣ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. ಮಳೆಗಾಲದ ಹೊಸ್ತಿಲಲ್ಲಿ ನಡೆದ ಆ ಕಾರ್ಯಾಚರಣೆಯನ್ನೇ ನ್ಯಾಯಾಲಯ ಪ್ರಶ್ನಿಸಿತು.

ಮನೆ ಕಳೆದುಕೊಂಡವರು ಕೋರ್ಟಿಗೆ ಹೋಗಬಹುದು, ಪಾಲಿಕೆ ನೌಕರರಿಗೆ ಯೂನಿಯನ್ ಇದೆ. ಆದರೆ ‘ನಮ್ಮನ್ನು ಅಲ್ಲಿಗೆ ಯಾಕೆ ಕಳುಹಿಸಿದಿರಿ’ ಎಂದು ಒಟ್ಟಾಗಿ ಕೇಳಲು ಮುಂಬೈನ ಕಾನ್‌ಸ್ಟೇಬಲ್‌ಗಳಿಗೆ ಮಾನ್ಯತೆ ಪಡೆದ ಸಂಘವೇ ಇಲ್ಲ. ಒಂದು ಕಾಲದಲ್ಲಿ ಇತ್ತು.

ಕಾನೂನು ಏನು ಹೇಳುತ್ತದೆ?

ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟಿರುವ ಹಕ್ಕು. ಆದರೆ ಸೇನೆ ಮತ್ತು ಪೊಲೀಸ್ ಪಡೆಗಳ ವಿಷಯದಲ್ಲಿ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲು 33ನೇ ವಿಧಿ ಸಂಸತ್ತಿಗೆ ಅಧಿಕಾರ ನೀಡಿದೆ. ಅದರಡಿ ಬಂದದ್ದೇ 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ. ಅನುಮತಿ ಇಲ್ಲದೆ ಪೊಲೀಸರು ಕಾರ್ಮಿಕ ಸಂಘಟನೆ ಅಥವಾ ರಾಜಕೀಯ ಸಂಘಟನೆ ಸೇರುವಂತಿಲ್ಲ. ಮಾತು ಮೀರಿದರೆ ಎರಡು ವರ್ಷದವರೆಗೆ ಜೈಲು. ದೆಹಲಿ ಪೊಲೀಸರ ಸಂಘದ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ನಿರ್ಬಂಧವನ್ನು ಎತ್ತಿಹಿಡಿದಿದೆ.

ಇಲ್ಲಿ ಗಮನಿಸಬೇಕಾದ್ದು ‘ಅನುಮತಿ ಇಲ್ಲದೆ’ ಎಂಬ ಮಾತು. ಕಾಯ್ದೆ ಸಂಘವನ್ನು ಪೂರ್ತಿ ನಿಷೇಧಿಸಿಲ್ಲ, ಬೀಗದ ಕೈಯನ್ನು ಸರ್ಕಾರದ ಕೈಗೆ ಕೊಟ್ಟಿದೆ. ಕೊಟ್ಟ ಮಾನ್ಯತೆಯನ್ನು ಸರ್ಕಾರ ಹಿಂಪಡೆಯಲೂಬಹುದು. ಮುಂಬೈನಲ್ಲಿ ಆಗಿದ್ದು ಅದೇ.

1982ರ ಆಗಸ್ಟ್‌ನ ಆ ದಿನ

ಆಗ ದತ್ತಾ ಸಾಮಂತ್ ನೇತೃತ್ವದ ಗಿರಣಿ ಕಾರ್ಮಿಕರ ಮುಷ್ಕರಕ್ಕೆ ಏಳು ತಿಂಗಳು. ಕಾರ್ಮಿಕರನ್ನು ತಡೆಯಲು ಬೀದಿಗಿಳಿಯುತ್ತಿದ್ದ ಪೇದೆಗಳ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಕಡಿಮೆ ಸಂಬಳ, ಹೊತ್ತುಗೊತ್ತಿಲ್ಲದ ಡ್ಯೂಟಿ, ಇಕ್ಕಟ್ಟಾದ ಪೊಲೀಸ್ ವಸತಿ. ಸ್ವಾತಂತ್ರ್ಯ ದಿನಾಚರಣೆಯಂದು ಪೊಲೀಸರು ಕಪ್ಪುಪಟ್ಟಿ ಧರಿಸಿ ಪ್ರತಿಭಟಿಸಿದರು. ಮುಖ್ಯಮಂತ್ರಿ ಬಾಬಾಸಾಹೇಬ್ ಭೋಸಲೆ ಸರ್ಕಾರ ಮಾತುಕತೆಯ ಬದಲು ಸಂಘದ ಮಾನ್ಯತೆ ರದ್ದುಪಡಿಸಿ ಮುಖಂಡರನ್ನು ಬಂಧಿಸಿತು. ಆಗಸ್ಟ್ 18ರಂದು ಪೊಲೀಸರು ಕೆಲಸ ಬಿಟ್ಟು ಬೀದಿಗಿಳಿದರು. ಹಿಂಸಾಚಾರ, ಲೂಟಿ ನಡೆದವು. ನಗರವನ್ನು ಹತೋಟಿಗೆ ತರಲು ಸೇನೆಯನ್ನೇ ಕರೆಸಬೇಕಾಯಿತು.

ಬಂದೂಕು ಹಿಡಿದವರು ಮುಷ್ಕರ ಹೂಡಿದರೆ ಏನಾಗುತ್ತದೆ ಎಂಬ ಸರ್ಕಾರಗಳ ಭಯಕ್ಕೆ ಈ ಘಟನೆ ದೊಡ್ಡ ಸಾಕ್ಷಿ. ಆ ಭಯ ಸುಳ್ಳೂ ಅಲ್ಲ. ಆದರೆ ಸಂಘ ಹೋದಮಾತ್ರಕ್ಕೆ ಪೊಲೀಸರ ರಾಜಕೀಯ ನಿಲ್ಲಲಿಲ್ಲ, ಹಿಂಬಾಗಿಲಿಗೆ ಸರಿಯಿತು.

ಪಕ್ಷಗಳೇ ವಕೀಲರು

2012ರ ಆಗಸ್ಟ್ 11ರಂದು ಆಜಾದ್ ಮೈದಾನದ ಗಲಭೆಯಲ್ಲಿ ಪೊಲೀಸರು ಪೆಟ್ಟು ತಿಂದರು, ಮಹಿಳಾ ಸಿಬ್ಬಂದಿಯನ್ನೂ ಬಿಡಲಿಲ್ಲ. ಹತ್ತು ದಿನಗಳ ನಂತರ ರಾಜ್ ಠಾಕ್ರೆ ಪೊಲೀಸರ ಪರ ಬೃಹತ್ ರ‍್ಯಾಲಿ ನಡೆಸಿ, ಗೃಹ ಸಚಿವ ಆರ್.ಆರ್. ಪಾಟೀಲ್ ಮತ್ತು ಆಯುಕ್ತ ಅರೂಪ್ ಪಟ್ನಾಯಕ್ ರಾಜೀನಾಮೆಗೆ ಒತ್ತಾಯಿಸಿದರು. ಸಮವಸ್ತ್ರದಲ್ಲಿದ್ದ ಪೊಲೀಸರೊಬ್ಬರು ವೇದಿಕೆ ಹತ್ತಿ ರಾಜ್‌ಗೆ ಗುಲಾಬಿ ಕೊಟ್ಟರು. ಕೆಲವೇ ದಿನಗಳಲ್ಲಿ ಆಯುಕ್ತರ ವರ್ಗಾವಣೆಯೂ ಆಯಿತು. ಪೊಲೀಸರ ಸಂಘ ಕೇಳಿದ್ದರೆ ಅಶಿಸ್ತು ಎನಿಸುತ್ತಿದ್ದ ಬೇಡಿಕೆ, ಪಕ್ಷದ ನಾಯಕನ ಬಾಯಲ್ಲಿ ಬಂದಾಗ ರಾಜಕೀಯವಾಯಿತು, ಅಷ್ಟೆ.

2016ರಲ್ಲಿ ಖಾರ್‌ನಲ್ಲಿ ಹಲ್ಲೆಗೊಳಗಾದ ಸಂಚಾರ ಪೊಲೀಸರೊಬ್ಬರು ಮೃತಪಟ್ಟಾಗ ಇನ್ನೊಂದು ದಾರಿ ಕಂಡಿತು. ಪೊಲೀಸರ ಪತ್ನಿಯರು ಅಹವಾಲು ಹಿಡಿದು ಹೊರಟರು. ಅವರನ್ನು ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಬಳಿಗೆ ಕರೆದೊಯ್ದವರು ಉದ್ಧವ್ ಠಾಕ್ರೆ. ಸೇವಾ ನಿಯಮ ಪೊಲೀಸರಿಗೆ ಅನ್ವಯಿಸುತ್ತದೆ, ಹೆಂಡತಿಗಲ್ಲ!

ಯಾವ ಪಕ್ಷದ ನೆರವೂ ಇಲ್ಲದೆ ಕೆಲಸ ಆದ ಉದಾಹರಣೆಯೂ ಇದೆ. ದೇವನಾರ್ ಠಾಣೆಯ ಕಾನ್‌ಸ್ಟೇಬಲ್ ಒಬ್ಬರು ಎಂಟು ಗಂಟೆ ಡ್ಯೂಟಿ ಹೇಗೆ ಸಾಧ್ಯ ಎಂದು ಲೆಕ್ಕ ಹಾಕಿ ಆಯುಕ್ತ ದತ್ತಾ ಪಡಸಲಗೀಕರ್ ಮುಂದಿಟ್ಟರು. 2016ರ ಮೇ ತಿಂಗಳಲ್ಲಿ ಅದೇ ಠಾಣೆಯಲ್ಲಿ ಪ್ರಯೋಗ ನಡೆದು, 2017ರ ಜನವರಿಯಲ್ಲಿ ನಗರದ ಇತರ ಠಾಣೆಗಳಿಗೂ ವಿಸ್ತರಿಸಿತು. ಆದರೆ ಅದು ಆಯುಕ್ತರೊಬ್ಬರ ತೀರ್ಮಾನವೇ ಹೊರತು ಪೇದೆಯ ಹಕ್ಕಲ್ಲ.

ಅಧಿಕಾರಿಗಳಿಗೆ ಮಾತ್ರ ಈ ಇಕ್ಕಟ್ಟಿಲ್ಲ. 2019ರ ಏಪ್ರಿಲ್‌ನಲ್ಲಿ, ಚುನಾವಣೆಯ ಕಾವಿನಲ್ಲೇ, ಭೋಪಾಲ್ ಬಿಜೆಪಿ ಅಭ್ಯರ್ಥಿ ಪ್ರಜ್ಞಾ ಠಾಕೂರ್ ಮಹಾರಾಷ್ಟ್ರ ಎಟಿಎಸ್ ಮುಖ್ಯಸ್ಥರಾಗಿದ್ದ ಹುತಾತ್ಮ ಹೇಮಂತ್ ಕರ್ಕರೆ ಬಗ್ಗೆ ಆಡಿದ ಮಾತನ್ನು ಐಪಿಎಸ್ ಅಧಿಕಾರಿಗಳ ಸಂಘ ಟ್ವಿಟರ್‌ನಲ್ಲಿ ಬಹಿರಂಗವಾಗಿ ಖಂಡಿಸಿತು. ಪೇದೆಗಳ ಗುಂಪೊಂದು ಹಾಗೆ ಮಾಡಿದ್ದರೆ?

ಕರ್ನಾಟಕದ 2016, ಕಾಸರಗೋಡಿನ ಮತಪೆಟ್ಟಿಗೆ

ಉತ್ತರ ಹುಡುಕಲು ಬೆಂಗಳೂರಿಗೆ ಬಂದರೆ ಸಾಕು. ವೇತನ ತಾರತಮ್ಯ, ವಾರದ ರಜೆ, ಆರ್ಡರ್ಲಿ ಪದ್ಧತಿ ರದ್ದತಿ ಮುಂತಾದ ಬೇಡಿಕೆ ಮುಂದಿಟ್ಟು ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘವು 2016ರ ಜೂನ್ 4ರಂದು ಸಾಮೂಹಿಕ ರಜೆಗೆ ಕರೆ ನೀಡಿತ್ತು. ಸಿದ್ದರಾಮಯ್ಯ ಸರ್ಕಾರ ಎಸ್ಮಾ ಅಸ್ತ್ರ ಹಿಡಿಯಿತು. ಮಹಾಸಂಘದ ಅಧ್ಯಕ್ಷರ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಗಿ ಬಂಧನವಾಯಿತು. ಅಂದು ಬಹುತೇಕ ಸಿಬ್ಬಂದಿ ಡ್ಯೂಟಿಗೆ ಹಾಜರಾದರು, ಚಳವಳಿ ಠುಸ್ ಆಯಿತು ಎಂದೇ ಎಲ್ಲರೂ ಅಂದುಕೊಂಡರು. ಆದರೆ ಅದೇ ವರ್ಷ ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ನೇತೃತ್ವದ ಸಮಿತಿ ವೇತನ ಪರಿಷ್ಕರಣೆಗೆ ಶಿಫಾರಸು ಮಾಡಿತು. ಅದು ಜಾರಿಗೆ ಬರಲು 2019ರವರೆಗೆ ಕಾಯಬೇಕಾಯಿತು. ನಡುವೆ ‘ಔರಾದ್ಕರ್ ವರದಿ’ ಎನ್ನುವುದು ವಿಪಕ್ಷ, ಆಡಳಿತ ಪಕ್ಷ ಎನ್ನದೆ ಎಲ್ಲರ ಭಾಷಣದ ಸರಕಾಯಿತು.

ವಿದೇಶಗಳಲ್ಲಿ ಬೇರೆ ಬೇರೆ ದಾರಿಗಳಿವೆ. 1918 ಮತ್ತು 1919ರ ಪೊಲೀಸ್ ಮುಷ್ಕರಗಳಿಂದ ಕಂಗೆಟ್ಟ ಬ್ರಿಟನ್, ಮುಷ್ಕರವನ್ನು ನಿಷೇಧಿಸಿ ಅದೇ ಕಾಯ್ದೆಯಲ್ಲಿ ಪೊಲೀಸ್ ಫೆಡರೇಷನ್ ಎಂಬ ಅಧಿಕೃತ ವೇದಿಕೆಯನ್ನೂ ಕೊಟ್ಟಿತು. ಅಮೆರಿಕದ ಫ್ರಾಟರ್ನಲ್ ಆರ್ಡರ್ ಆಫ್ ಪೊಲೀಸ್ ಇನ್ನೂ ಮುಂದೆ ಹೋಗಿ ಅಧ್ಯಕ್ಷೀಯ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್‌ಗೆ ನೇರ ಬೆಂಬಲ ಘೋಷಿಸಿದೆ.

ನಮ್ಮ ಪಕ್ಕದ ಕೇರಳ ಬ್ರಿಟನ್ ದಾರಿಗೆ ಹತ್ತಿರ. ಅಲ್ಲಿ ಕೇರಳ ಪೊಲೀಸ್ ಅಸೋಸಿಯೇಷನ್‌ಗೆ ಸರ್ಕಾರದ ಮಾನ್ಯತೆ ಇದೆ, ಪದಾಧಿಕಾರಿಗಳ ಆಯ್ಕೆಗೆ ಚುನಾವಣೆ ನಡೆಯುತ್ತದೆ. ಹಾಗೆಂದು ರಾಜಕೀಯದ ಸೋಂಕು ತಪ್ಪಿಲ್ಲ. 2018ರಲ್ಲಿ ಸಮ್ಮೇಳನದ ಹುತಾತ್ಮ ಸ್ತಂಭಕ್ಕೆ ಕೆಂಪು ಬಣ್ಣ ಬಳಿದದ್ದು, ‘ಇಂಕ್ವಿಲಾಬ್’ ಘೋಷಣೆ ಕೂಗಿದ್ದು ದೊಡ್ಡ ವಿವಾದವಾಗಿತ್ತು. ಆದರೂ ಕಾಸರಗೋಡಿನ ಪೇದೆ ತನ್ನ ಪರ ಮಾತನಾಡುವವರನ್ನು ಮತ ಹಾಕಿ ಆರಿಸಬಲ್ಲ, ಬೇಡವಾದರೆ ಸೋಲಿಸಬಲ್ಲ. ತಲಪಾಡಿ ಗಡಿ ದಾಟಿ ಮಂಗಳೂರು ಕಡೆಗೆ ಬಂದರೆ, ಅದೇ ಕೆಲಸ ಮಾಡುವ ಪೇದೆಗೆ ಆ ಅವಕಾಶವಿಲ್ಲ.