ಹೆಸರಿಲ್ಲದ ಕುಂಬಾರನ ಬಟ್ಟಲು

ಜಪಾನಿನ ಕ್ಯೋಟೋ ನಗರದ ದೈತೊಕುಜಿ ಎಂಬ ಝೆನ್ ಮಠಕ್ಕೆ ಸೇರಿದ ಕೊಹೊಆನ್ ಎಂಬ ಉಪಮಠದಲ್ಲಿ ಒಂದು ಮಣ್ಣಿನ ಚಹದ ಬಟ್ಟಲಿದೆ. ಪೆಟ್ಟಿಗೆಯೊಳಗೆ ಪೆಟ್ಟಿಗೆಯಿರಿಸಿ, ರೇಷ್ಮೆಯ ವಸ್ತ್ರದಲ್ಲಿ ಸುತ್ತಿ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಬಾಯಗಲ ಸುಮಾರು 15 ಸೆಂಟಿಮೀಟರು. ಮಾಸಲು ಹಳದಿಯ ಮೈ. ತಿಗರಿ ತಿರುಗಿದ ಗೆರೆಗಳು ಹಾಗೆಯೇ ಉಳಿದಿವೆ. ಪಾದದ ಬಳಿ ಮೆರುಗು ಸಮನಾಗಿ ಹರಡದೆ ಹನಿಹನಿಯಾಗಿ ಹೆಪ್ಪುಗಟ್ಟಿದೆ. ಜಾನಪದ ಕಲೆಗಳ ಮೀಮಾಂಸಕರಾದ ಯಾನಗಿ ಸೋಯೆತ್ಸು ಅವರು 1931ರಲ್ಲಿ ಇದನ್ನು ಕಂಡಾಗ, ಇಷ್ಟು ಸಾಧಾರಣವಾದ ವಸ್ತುವೇ ಎಂದು ಮೊದಲು ಬೆರಗಾದರು. ಆ ಸಾಧಾರಣತೆಯೇ ಅದರ ಸೊಬಗೆಂದು ಅನಂತರ ವಿವರಿಸಿದರು. 1951ರಲ್ಲಿ ಅದು ರಾಷ್ಟ್ರೀಯ ನಿಧಿಯೆಂದು ಘೋಷಿತವಾಯಿತು.

ಅದನ್ನು ಮಾಡಿದವನು ಹದಿನಾರನೆಯ ಶತಮಾನದ ಕೊರಿಯಾದ ಒಬ್ಬ ಕುಂಬಾರ. ಅನ್ನದ ಬಟ್ಟಲೆಂದು ಮಾಡಿದನೋ ಪೂಜಾಪಾತ್ರೆಯೆಂದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಅವನ ಹೆಸರು ಉಳಿದಿಲ್ಲ. ಬಟ್ಟಲಿಗಿರುವ 'ಕಿಜಾಎಮೊನ್' ಎಂಬ ಹೆಸರು ಅದನ್ನು ಹೊಂದಿದ್ದ ಒಸಾಕಾದ ವರ್ತಕನದು. ಆತನು ಸರ್ವಸ್ವವನ್ನೂ ಕಳೆದುಕೊಂಡು ದರಿದ್ರನಾದಾಗಲೂ ಇದನ್ನು ಬಿಟ್ಟುಕೊಡಲಿಲ್ಲವಂತೆ. ಮುಂದೆ ಮಾತ್ಸುದೈರಾ ಫುಮೈ ಎಂಬ ಸಾಮಂತನು ಭಾರಿ ಬೆಲೆ ತೆತ್ತು ಕೊಂಡನು. ಒಡೆಯರಾದವರಿಗೆ ಮೈಯಲ್ಲಿ ಹುಣ್ಣುಗಳೇಳುತ್ತವೆಂಬ ಪ್ರತೀತಿ ಬೆಳೆದು, ಫುಮೈಯ ಮರಣಾನಂತರ ಆ ಮನೆತನದವರು ಬಟ್ಟಲನ್ನು ಮಠಕ್ಕೆ ಒಪ್ಪಿಸಿದರು. ಹುಣ್ಣಿನ ಕಥೆಯನ್ನು ನಾವು ನಂಬುವುದಿಲ್ಲ. ಆದರೆ ಸಂಗ್ರಹದ ಮೋಹವು ಎಷ್ಟರಮಟ್ಟಿಗೆ ಹೋಗಬಲ್ಲುದೆಂಬುದಕ್ಕೆ ಅದೊಂದು ಸಾಕ್ಷಿ.

ಇಂತಹ ಸರಳ ಬಟ್ಟಲುಗಳಿಗೆ ಮಾನ್ಯತೆ ತಂದ ಚಹಗುರುಗಳಲ್ಲಿ ಸೆನ್ ನೊ ರಿಕ್ಯು (1522–1591) ಅಗ್ರಗಣ್ಯರು. ಅವರ ಅಭಿರುಚಿಗೆ ತಕ್ಕಂತೆ ಚೋಜಿರೊ ಎಂಬಾತನು ತಿಗರಿಯನ್ನೇ ಬಳಸದೆ ಕೈಯಿಂದ ತಿದ್ದಿದ ಬಟ್ಟಲುಗಳು ಮುಂದೆ 'ರಾಕು' ಎಂದು ಪ್ರಸಿದ್ಧವಾದವು. ಆದರೆ ರಿಕ್ಯು ಗತಿಸಿದ ಮರುವರ್ಷವೇ, 1592ರಲ್ಲಿ, ಹಿದೆಯೋಶಿಯ ಸೈನ್ಯವು ಕೊರಿಯಾದ ಮೇಲೆ ದಂಡೆತ್ತಿ ಹೋಯಿತು. 1598ರವರೆಗೆ ನಡೆದ ಆ ಯುದ್ಧದಲ್ಲಿ ಅನೇಕ ಕುಂಬಾರರನ್ನು ಸೆರೆಹಿಡಿದು ಜಪಾನಿಗೆ ತಂದರು. ಹಾಗಿ, ಸಾತ್ಸುಮಾ ಮೊದಲಾದ ಊರು-ನಾಡುಗಳ ಕುಂಬಾರಿಕೆ ಬೆಳೆದುದು ಇವರಿಂದ. ಹಾಗಿಯಲ್ಲಿ ನೆಲೆಗೊಂಡ ರಿ ಕೇ ಎಂಬಾತನಿಗೆ ಅಲ್ಲಿನ ಪ್ರಭುವು 'ಕೊರೈಜಾಎಮೊನ್' ಎಂಬ ಹೆಸರನ್ನಿತ್ತನು. ಕೊರೈ ಎಂದರೆ ಕೊರಿಯಾ. ಕಳೆದುಕೊಂಡ ತಾಯ್ನಾಡೇ ಹೆಸರಾಗಿ ಆ ಮನೆತನದಲ್ಲಿ ತಲೆತಲಾಂತರಕ್ಕೂ ಉಳಿಯಿತು. ಹಾಗಿಯ ಬಟ್ಟಲನ್ನು ಕೈಗೆತ್ತಿಕೊಳ್ಳುವವರು ಈ ಸಂಗತಿಯನ್ನು ಅರಿತಿರುವುದು ಉಚಿತ.

ಸಂಗ್ರಹಿಸುವವರು ಸಾಮಾನ್ಯವಾಗಿ ಸಾಕೆಯ ಪುಟ್ಟ ಬಟ್ಟಲಿನಿಂದ ಆರಂಭಿಸುತ್ತಾರೆ. ಅದರ ಬೆಲೆ ಕಡಿಮೆ. (ಸಾಕೆಯು ಅಕ್ಕಿಯ ಮದ್ಯ, ನಮ್ಮ ಓದುಗರಿಗೆ ಬಟ್ಟಲಷ್ಟೇ ಸಾಕು!) ಅನುಭವಿಗಳು ಉಂಗುರವನ್ನು ಕಳಚಿ, ನೆಲಕ್ಕೆ ಸಮೀಪದಲ್ಲಿ ಎರಡೂ ಕೈಗಳಿಂದ ಹಿಡಿದು, ಬಟ್ಟಲನ್ನು ಮಗುಚಿ ಮೊದಲು ಪಾದವನ್ನು ಪರೀಕ್ಷಿಸುತ್ತಾರೆ. ಮೆರುಗು ಮುಚ್ಚದ ಮಣ್ಣು ಕಾಣುವುದೂ ಕುಂಬಾರನ ಕೈವಾಡ ತಿಳಿಯುವುದೂ ಅಲ್ಲಿಯೇ. ಕುಂಬಾರನು ಸಹಿ ಮಾಡಿದ ಮರದ ಪೆಟ್ಟಿಗೆ ಕಳೆದುಹೋದರೆ ಬಟ್ಟಲಿನ ಬೆಲೆಯೂ ಇಳಿಯುತ್ತದೆ.

ಬೀಗ ಹಾಕಿದ ಕಪಾಟಿನಲ್ಲಿ ಮಾತ್ರ ಇರಿಸುವ ಸಂಗ್ರಹವು ನಮಗೆ ಸಮ್ಮತವಲ್ಲ. ಹಾಗಿಯ ಬಟ್ಟಲಿನ ಮೆರುಗಿನಲ್ಲಿ ಕೂದಲೆಳೆಯಂತಹ ಬಿರುಕುಗಳಿರುತ್ತವೆ. ಕುಡಿದಂತೆಲ್ಲ ಚಹವು ಅವುಗಳಲ್ಲಿಳಿದು ವರ್ಷಗಳುರುಳಿದ ಹಾಗೆ ಬಣ್ಣ ತಿರುಗುತ್ತದೆ. ಇದನ್ನು ಅಲ್ಲಿನವರು 'ಏಳು ಮಾರ್ಪಾಡು' ಎನ್ನುತ್ತಾರೆ. ಹೊಸ ಬಟ್ಟಲಾದರೆ ಮೊದಲ ಕೆಲವು ದಿನ ಹೊರಮೈಯಲ್ಲಿ ತೇವ ಜಿನುಗುವುದೂ ಉಂಟು. ಅರಿಯದವರು ಇದನ್ನು ಬಿರುಕೆಂದು ಭಾವಿಸಿ ಅಂಗಡಿಗೆ ಹಿಂದಿರುಗಿಸಬಾರದು.